ಸಿದ್ಧಗಂಗೆ ಮೆಟ್ಟಿಲ ಬಳಿ ಸಿಕ್ಕ ಅಕ್ಕನಿಗೆ

ಹೋದ ಕಾರ್ತಿಕದಲ್ಲಿ ತುಮಕೂರಿನ ಸಿದ್ಧಗಂಗೆ ಬೆಟ್ಟದ ಮೆಟ್ಟಿಲ ಬುಡದಲ್ಲಿ ಮಂಡಿ ಹಿಡ್ಕೊಂಡು ಕೂತಿದ್ದವಳು ನಾನು. ನೀವು ಪಕ್ಕ ಬಂದು, "ಆಪರೇಷನ್ ಆಗಿ ಎಷ್ಟು ತಿಂಗಳಾಯ್ತು?" ಅಂದಿರಿ. ನಾಲ್ಕು. ವ್ಯಾಯಾಮ? ನೋವಾಗುತ್ತೆ ಅಂತ ಬಿಟ್ಟಿದ್ದೆ. ಫಿಸಿಯೋಥೆರಪಿಸ್ಟ್ ಕೊಟ್ಟ ಚೀಟಿ ಫ್ರಿಜ್ ಮೇಲೆ ಧೂಳು ತಿಂತಿತ್ತು.

ಎರಡೂ ತೊಡೆ ಮುಟ್ಟಿ ನೋಡ್ಕೊಳ್ಳಿ ಅಂದಿರಿ. ಆಪರೇಷನ್ ಆದ ಕಡೆಯದು ಸೊರಗಿ ಹೋಗಿತ್ತು! ಮಂಡಿಯನ್ನು ನೇರ ಮಾಡೋದು ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್ ಸ್ನಾಯು. ಮಂಡಿ ಊದಿ ನೊಂದಾಗ ಅದು ಮುಷ್ಕರ ಹೂಡುತ್ತೆ, ಕೆಲಸ ಕೊಡದಿದ್ರೆ ಇನ್ನೂ ಕರಗುತ್ತೆ ಅಂತ ಅಲ್ಲೇ ತಿಳಿಸಿದಿರಿ. ನಿಮ್ಮ ಶಾಲನ್ನೇ ಸುರುಳಿ ಸುತ್ತಿ ಮಂಡಿ ಕೆಳಗಿಟ್ಟು, ಮಂಡಿಯನ್ನು ಕೆಳಕ್ಕೆ ಒತ್ತಿ 5 ಎಣಿಸಿ ಬಿಡಿ, 10 ಸಲ ಅಂದಿರಿ. ಆಮೇಲೆ ಕಾಲು ಮಡಿಸದೆ ಒಂದು ಗೇಣು ಎತ್ತೋದು. ಜನ ನೋಡ್ತಿದ್ರು, ಒಂದು ಕೋತಿ ಕೂಡ. ಮತ್ತೆ ಫಿಸಿಯೋ ಹತ್ತಿರ ಹೋಗಲೇಬೇಕು ಅಂತ ಕೊನೆಗೆ ಚೆನ್ನಾಗಿಯೇ ಗದರಿದಿರಿ.

ಹೋದೆ ಅಕ್ಕ. ಈಗ ಕಣಕಾಲಿಗೆ 1 ಕಿಲೋ ಮರಳಿನ ಚೀಲ ಕಟ್ಕೊಂಡು ಎತ್ತುತ್ತೀನಿ. ಅವತ್ತು ಹೆಸರು ಕೇಳೋದೇ ಮರೆತೆ. ತುಂಬಾ ಥ್ಯಾಂಕ್ಸ್. ಶಾಲಿಗೆ ಮೆಟ್ಟಿಲ ಕುಂಕುಮ ಮೆತ್ತಿತ್ತು, ಅದಕ್ಕೆ ಕ್ಷಮಿಸಿ.