ಶಾಲೆಯ ಹಾಲ್‌ನಲ್ಲಿ ಗಣಪತಿ, ತರಗತಿಯಲ್ಲಿ ಪದ್ಮಾಸನ

ಗಣೇಶ ಚೌತಿ ಹತ್ತಿರ ಬಂತೆಂದರೆ ಅಮೆರಿಕದ ಕನ್ನಡ ಕೂಟಗಳಲ್ಲಿ ಒಂದು ಪ್ರಶ್ನೆ ಎದ್ದೇ ಏಳುತ್ತದೆ: ಪಬ್ಲಿಕ್ ಸ್ಕೂಲಿನ ಆಡಿಟೋರಿಯಂನಲ್ಲಿ ಪೂಜೆ ಇಟ್ಟುಕೊಳ್ಳಬಹುದೇ? "ಇಲ್ಲಿ ಸರ್ಕಾರಕ್ಕೂ ಧರ್ಮಕ್ಕೂ ಸಂಬಂಧ ಇರಬಾರದು, ಶಾಲೆಯವರು ಒಪ್ಪೋದಿಲ್ಲ" ಎಂದು ಒಬ್ಬರು. "ಭಾನುವಾರ ಅದೇ ಹಾಲ್‌ನಲ್ಲಿ ಚರ್ಚಿನವರು ಪ್ರಾರ್ಥನೆ ಮಾಡ್ತಾರಲ್ಲ" ಎಂದು ಇನ್ನೊಬ್ಬರು. ಇಬ್ಬರೂ ಕೇಳಬೇಕಾದ ಮೊದಲ ಪ್ರಶ್ನೆ ಬೇರೆಯೇ ಇದೆ: ಅಲ್ಲಿ ಪ್ರಾರ್ಥಿಸುತ್ತಿರುವುದು ಸರ್ಕಾರವೋ, ಬಾಡಿಗೆ ಕೊಟ್ಟು ಹಾಲ್ ಹಿಡಿದ ಪ್ರಜೆಯೋ?

ಸಂವಿಧಾನದ ಮೊದಲ ತಿದ್ದುಪಡಿ ಜಾರಿಗೆ ಬಂದದ್ದು 1791ರಲ್ಲಿ. ಧರ್ಮದ ವಿಷಯಕ್ಕೆ ಅದರಲ್ಲಿ ಖರ್ಚಾದದ್ದು 16 ಇಂಗ್ಲಿಷ್ ಪದ ಮಾತ್ರ. ಸರ್ಕಾರ ಯಾವ ಧರ್ಮವನ್ನೂ ಸ್ಥಾಪಿಸಕೂಡದು, ಯಾರ ಆಚರಣೆಗೂ ಅಡ್ಡ ಬರಕೂಡದು. ಸರ್ಕಾರಕ್ಕೂ ಧರ್ಮಕ್ಕೂ ನಡುವೆ ಇದೆಯೆಂದು ನಾವೆಲ್ಲ ಮಾತುಮಾತಿಗೆ ಹೇಳುವ 'ಗೋಡೆ' ಸಂವಿಧಾನದಲ್ಲಿಲ್ಲ. ಅದು ಅಧ್ಯಕ್ಷ ಥಾಮಸ್ ಜೆಫರ್ಸನ್ 1802ರ ಜನವರಿ 1ರಂದು ಕನೆಕ್ಟಿಕಟ್‌ನ ಡ್ಯಾನ್ಬರಿಯ ಬ್ಯಾಪ್ಟಿಸ್ಟ್ ಪಂಗಡದ ಕ್ರೈಸ್ತರಿಗೆ ಬರೆದ ಪತ್ರದಲ್ಲಿರುವ ಮಾತು. ಆಗ ಕನೆಕ್ಟಿಕಟ್‌ನಲ್ಲಿ ಕಾಂಗ್ರಿಗೇಷನಲ್ ಚರ್ಚ್ ರಾಜ್ಯದ ಅಧಿಕೃತ ಚರ್ಚಾಗಿತ್ತು, 1818ರವರೆಗೂ ಹಾಗೆಯೇ ಇತ್ತು. ಬ್ಯಾಪ್ಟಿಸ್ಟರು ಅಲ್ಲಿ ಅಲ್ಪಸಂಖ್ಯಾತರು. ಅವರು ಪತ್ರ ಬರೆದು ತೋಡಿಕೊಂಡ ಕಷ್ಟಕ್ಕೆ ಬಂದ ಉತ್ತರದಲ್ಲಿ ಆ ಗೋಡೆ ಮೂಡಿತು. ಗೋಡೆ ಬೇಕೆಂದವರು ದೇವರನ್ನು ನಂಬದವರೇ ಎಂದುಕೊಂಡಿರುವ ನಮ್ಮವರು ಇದನ್ನು ನೆನಪಿಡಬೇಕು. ಮೊದಲ ತಿದ್ದುಪಡಿಯ ಈ ಭಾಗ ಕೇಂದ್ರಕ್ಕಷ್ಟೇ ಅಲ್ಲ, ರಾಜ್ಯಗಳಿಗೂ ಊರಿನ ಸ್ಕೂಲ್ ಬೋರ್ಡಿಗೂ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1947ರ ಎವರ್ಸನ್ ತೀರ್ಪಿನಲ್ಲಿ.

ಕರ್ನಾಟಕದಿಂದ ಬಂದವರಿಗೆ ಇದು ತಕ್ಷಣ ಒಗ್ಗುವುದಿಲ್ಲ. ಅಲ್ಲಿ ಮುಜರಾಯಿ ಇಲಾಖೆಯಿದೆ, ಅದಕ್ಕೊಬ್ಬ ಮಂತ್ರಿ, ದೇವಸ್ಥಾನಕ್ಕೆ ತಸ್ತೀಕು, ಮೈಸೂರು ದಸರಾ ನಾಡಹಬ್ಬ. ಸರ್ಕಾರ ಎಲ್ಲ ಧರ್ಮಗಳನ್ನೂ ಸಮನಾಗಿ ಕೈಹಿಡಿದು ನಡೆಸಬೇಕು ಎಂಬ ಭಾವನೆ ನಮ್ಮ ರಕ್ತದಲ್ಲಿದೆ. ಇಲ್ಲಿ ಸರ್ಕಾರ ಕೈ ಹಿಂದೆಗೆದು ನಿಲ್ಲಬೇಕು. ದೇವಸ್ಥಾನದ ಹುಂಡಿಯನ್ನು ಅದು ಮುಟ್ಟುವಂತಿಲ್ಲ, ಅರ್ಚಕರನ್ನು ಆರಿಸುವಂತಿಲ್ಲ.

ಈ ಗೆರೆ ನಮ್ಮ ಮನೆಬಾಗಿಲಿಗೇ ಬಂದ ಎರಡು ಮೊಕದ್ದಮೆಗಳಿವೆ. ಮೊದಲನೆಯದು ನ್ಯೂಜೆರ್ಸಿಯದು. 1975-76ರಲ್ಲಿ ಅಲ್ಲಿನ ಐದು ಪಬ್ಲಿಕ್ ಹೈಸ್ಕೂಲುಗಳಲ್ಲಿ ಮಹರ್ಷಿ ಮಹೇಶ್ ಯೋಗಿಯವರ ಭಾವಾತೀತ ಧ್ಯಾನವನ್ನು ಐಚ್ಛಿಕ ವಿಷಯವಾಗಿ ಕಲಿಸುತ್ತಿದ್ದರು. ಇದು ವಿಜ್ಞಾನ, ಧರ್ಮವಲ್ಲ ಎಂಬುದು ನಡೆಸುವವರ ವಾದ. ಆದರೆ ಮಂತ್ರ ಪಡೆಯುವ ಮೊದಲು ವಿದ್ಯಾರ್ಥಿ ಶಾಲೆಯ ಹೊರಗೆ ನಡೆಯುವ ಪೂಜೆಗೆ ಬರಬೇಕಿತ್ತು, ಬರುವಾಗ ಹಣ್ಣು, ಹೂವು ಮತ್ತು ಒಂದು ಬಿಳಿ ಕರವಸ್ತ್ರ ತರಬೇಕಿತ್ತು. ಕಲಿಸುವವರು ಗುರುವಿನ ಚಿತ್ರದ ಮುಂದೆ ಸಂಸ್ಕೃತದಲ್ಲಿ ಸ್ತೋತ್ರ ಹೇಳಿ ಅವನ್ನು ಅರ್ಪಿಸುತ್ತಿದ್ದರು. ಇದು ಗುರುವಿಗೆ ಸಲ್ಲಿಸುವ ಕೃತಜ್ಞತೆ ಅಷ್ಟೇ ಎಂದರು. ನ್ಯಾಯಾಲಯ ಸ್ತೋತ್ರದ ಅನುವಾದ ತರಿಸಿ ಓದಿತು. ಗುರುವನ್ನು ದೈವವೆಂದೇ ಕರೆದು ನಮಸ್ಕರಿಸುವ ಸಾಲುಗಳು ಅದರಲ್ಲಿದ್ದವು. 1979ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಆ ಪಾಠ ನಿಲ್ಲಬೇಕೆಂದಿತು. 'ಗುರುರ್ಬ್ರಹ್ಮಾ' ಹೇಳಿಕೊಂಡು ಬೆಳೆದ ಯಾರಿಗೇ ಆಗಲಿ ಆ ಕೋಣೆಯಲ್ಲಿ ನಡೆಯುತ್ತಿದ್ದದ್ದು ಏನೆಂದು ಗೊತ್ತಾಗುತ್ತದೆ. ನ್ಯಾಯಾಲಯ ಪೂಜೆಯನ್ನು ಪೂಜೆ ಎಂದು ಗುರುತಿಸಿತು, ಅದರಲ್ಲಿ ನಮಗೆ ಅವಮಾನವೇನೂ ಇಲ್ಲ.

ಎರಡನೆಯದಕ್ಕೆ ನೇರ ಮೈಸೂರಿನ ನಂಟು. ಹಾಸನದ ಹತ್ತಿರದ ಕೌಶಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಅಷ್ಟಾಂಗ ಯೋಗ ಕಲಿಸಿದ ಕೆ. ಪಟ್ಟಾಭಿ ಜೋಯಿಸರ ಹೆಸರಿನ ಪ್ರತಿಷ್ಠಾನವೊಂದು ಕ್ಯಾಲಿಫೋರ್ನಿಯಾದ ಎನ್ಸಿನಿಟಾಸ್ ಊರಿನ ಸ್ಕೂಲ್ ಡಿಸ್ಟ್ರಿಕ್ಟಿಗೆ ಯೋಗ ಕಲಿಸಲು ಐದು ಲಕ್ಷ ಡಾಲರಿಗೂ ಹೆಚ್ಚು ಅನುದಾನ ಕೊಟ್ಟಿತು. ಕೆಲವು ಪೋಷಕರು ಇದು ಹಿಂದೂ ಧರ್ಮಬೋಧನೆ ಎಂದು ಆಕ್ಷೇಪಿಸಿದರು. ಕೂಡಲೇ ಶಾಲೆಯವರು ಅಷ್ಟಾಂಗದ ಎಂಟು ಅಂಗಗಳನ್ನು ಮರದ ಚಿತ್ರವಾಗಿ ತೋರಿಸುವ ಪೋಸ್ಟರ್ ಇಳಿಸಿದರು, ನಮಸ್ತೆ ನಿಲ್ಲಿಸಿದರು, ಆಸನಗಳ ಸಂಸ್ಕೃತ ಹೆಸರು ತೆಗೆದರು. ಪದ್ಮಾಸನ 'ಕ್ರಿಸ್-ಕ್ರಾಸ್ ಆ್ಯಪಲ್‌ಸಾಸ್' ಆಯಿತು, ಚಕ್ಕಳಮಕ್ಕಳ ಕೂರುವುದಕ್ಕೆ ಇಲ್ಲಿನ ಮಕ್ಕಳ ಮಾತು ಅದು. ಉಳಿದದ್ದು ಮೈ ಬಗ್ಗಿಸುವುದು, ಉಸಿರಾಟ, ವಿಶ್ರಾಂತಿ. 2013ರಲ್ಲಿ ಕೆಳ ನ್ಯಾಯಾಲಯ, 2015ರಲ್ಲಿ ಮೇಲ್ಮನವಿ ನ್ಯಾಯಾಲಯ ಈ ತರಗತಿಗೆ ಒಪ್ಪಿಗೆ ಕೊಟ್ಟವು. ಪದ್ಮಾಸನದ ಹೆಸರು ಹೋದದ್ದು ನೋವಿನ ಸಂಗತಿಯೇ. ಪದ್ಮವೆಂದರೆ ತಾವರೆ, ಅದರಲ್ಲಿ ಮಂತ್ರವೇನಿದೆ? ಶಾಲೆ ಬೇಕಾದದ್ದಕ್ಕಿಂತ ಹೆಚ್ಚು ಕತ್ತರಿಸಿತು ಎಂದೇ ನಮ್ಮ ಅಭಿಪ್ರಾಯ. ಅಲಬಾಮಾ ಇನ್ನೂ ಮುಂದೆ ಹೋಗಿದೆ: 1993ರಿಂದ ಶಾಲೆಗಳಲ್ಲಿ ಯೋಗಕ್ಕಿದ್ದ ನಿಷೇಧವನ್ನು 2021ರಲ್ಲಿ ಸಡಿಲಿಸಿದ ಕಾನೂನಿನಲ್ಲೇ ಮಂತ್ರ, ಮುದ್ರೆ, ನಮಸ್ತೆ ಕೂಡದು ಎಂದು ಬರೆದಿಟ್ಟಿದೆ.

ಈ ಎರಡು ತೀರ್ಪುಗಳ ನಡುವಿನ ಗೆರೆ ಗೊತ್ತಿದ್ದರೆ ಮಗುವಿನ ತರಗತಿಗೆ ದೀಪಾವಳಿ ಬಗ್ಗೆ ಹೇಳಲು ಹೋಗುವ ತಾಯಿ ತಂದೆಗೆ ದಾರಿ ಸ್ಪಷ್ಟ. ಧರ್ಮದ ಬಗ್ಗೆ ಕಲಿಸುವುದಕ್ಕೆ ಅಡ್ಡಿಯಿಲ್ಲವೆಂದು 1963ರ ಅಬಿಂಗ್ಟನ್ ತೀರ್ಪೇ ಹೇಳಿದೆ, ಶಾಲೆಯವರು ಬೈಬಲ್ ಪಠಣ ಮಾಡಿಸುವುದನ್ನು ನಿಲ್ಲಿಸಿದ ತೀರ್ಪು ಅದು. ಹಾಗಾಗಿ ನರಕಾಸುರನ ಕಥೆ ಹೇಳಿ, ಎಣ್ಣೆಸ್ನಾನ ಯಾಕೆಂದು ವಿವರಿಸಿ, ನೆಲಕ್ಕೆ ಕಾಗದ ಹಾಸಿ ರಂಗೋಲಿ ಬಿಡಿಸಿ, ಹಣತೆಗೆ ಬಣ್ಣ ಹಚ್ಚಿಸಿ. "ಹಿಂದೂಗಳು ಹೀಗೆ ನಂಬುತ್ತಾರೆ" ಎಂಬ ವಾಕ್ಯ ಸರಿ. "ಬನ್ನಿ, ಎಲ್ಲರೂ ಕೈ ಮುಗಿಯೋಣ" ಸರಿಯಲ್ಲ. ಎಡವಟ್ಟಾಗುವುದು ಹೆಚ್ಚಾಗಿ ಮೂರು ಕಡೆ. ಉತ್ಸಾಹದಲ್ಲಿ ಇಡೀ ತರಗತಿಯ ಹಣೆಗೆ ಕುಂಕುಮ ಇಡುವುದು, ಆರತಿ ತಟ್ಟೆಯನ್ನು ಮಕ್ಕಳ ಮುಂದೆ ಹಿಡಿಯುವುದು, ಸಿಹಿಯನ್ನು ಪ್ರಸಾದವೆಂದು ಹಂಚುವುದು. ಬರ್ಫಿಯನ್ನು ಬರ್ಫಿ ಎಂದೇ ಕೊಡಿ, ಗೋಡಂಬಿ ಬಾದಾಮಿ ಇದೆಯೇ ಎಂದು ಮೊದಲೇ ಟೀಚರಿಗೆ ಬರೆದು ತಿಳಿಸಿ. ನಿಮ್ಮ ಸ್ವಂತ ಮಗು ವಿಭೂತಿ ಇಟ್ಟುಕೊಂಡು ಹೋಗುವುದು, ಊಟಕ್ಕೆ ಮುಂಚೆ ಮನಸ್ಸಿನಲ್ಲೇ ಶ್ಲೋಕ ಹೇಳಿಕೊಳ್ಳುವುದು ಬೇರೆ ಮಾತು. ಅದು ಮಗುವಿನ ಹಕ್ಕು, ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಹಬ್ಬಕ್ಕೆ ಶಾಲೆಗೆ ರಜೆ ಕೇಳುವಾಗಲೂ ಮಾತು ನೋಡಿಕೊಂಡು ಆಡಬೇಕು. "ನಮ್ಮ ಪವಿತ್ರ ದಿನ, ರಜೆ ಕೊಡಿ" ಎಂದು ಸ್ಕೂಲ್ ಬೋರ್ಡಿನ ಮುಂದೆ ನಿಂತರೆ ಕೇಸು ಅಲ್ಲೇ ದುರ್ಬಲವಾಗುತ್ತದೆ. ಗುಡ್ ಫ್ರೈಡೇಗೆ ಎಲ್ಲ ಪಬ್ಲಿಕ್ ಸ್ಕೂಲುಗಳೂ ಮುಚ್ಚಬೇಕೆಂಬ ಇಲಿನಾಯ್ ಕಾನೂನನ್ನು ಮೇಲ್ಮನವಿ ನ್ಯಾಯಾಲಯ 1995ರಲ್ಲಿ ಹೊಡೆದುಹಾಕಿತು. ಆದರೆ ಮಕ್ಕಳೂ ಶಿಕ್ಷಕರೂ ದೊಡ್ಡ ಸಂಖ್ಯೆಯಲ್ಲಿ ಗೈರಾಗಿ ಪಾಠ ನಡೆಯದ ದಿನ ಶಾಲೆ ಮುಚ್ಚುವುದು ಆಡಳಿತದ ನಿರ್ಧಾರ, ಅದು ನಿಲ್ಲುತ್ತದೆ. ಆದ್ದರಿಂದ ಮೊದಲು ಎರಡು ಮೂರು ವರ್ಷ ಹಬ್ಬದ ದಿನ ಮಗುವನ್ನು ಸುಮ್ಮನೆ ಮನೆಯಲ್ಲಿ ಉಳಿಸಿಕೊಳ್ಳದೆ ಗೈರುಹಾಜರಿಗೆ 'ಧಾರ್ಮಿಕ ಆಚರಣೆ' ಎಂದು ಕಾರಣ ಬರೆದು ಕೊಡಿ. ಹುಷಾರಿಲ್ಲ ಎಂದು ಬರೆದರೆ ಆ ಲೆಕ್ಕ ಎಲ್ಲೂ ಸೇರುವುದಿಲ್ಲ.

ಊರಿನ ಕೌನ್ಸಿಲ್ ಸಭೆಯ ಆರಂಭದ ಪ್ರಾರ್ಥನೆ ಗೋಡೆಯಲ್ಲಿ ಸುಪ್ರೀಂ ಕೋರ್ಟ್ ಉಳಿಸಿರುವ ಒಂದು ಕಿಂಡಿ. ನ್ಯೂಯಾರ್ಕ್ ರಾಜ್ಯದ ಗ್ರೀಸ್ ಎಂಬ ಪಟ್ಟಣದಲ್ಲಿ ವರ್ಷಗಟ್ಟಲೆ ಕ್ರೈಸ್ತ ಪಾದ್ರಿಗಳೇ ಪ್ರಾರ್ಥನೆ ಹೇಳುತ್ತಿದ್ದರು. 2014ರಲ್ಲಿ 5-4 ಮತದಿಂದ ಅದು ಸರಿ ಎಂದ ಕೋರ್ಟ್, ಬೇರೆ ಧರ್ಮದವರನ್ನು ಹೊರಗಿಡುವ ನೀತಿ ಇರಬಾರದೆಂಬುದನ್ನೂ ನೋಡಿತು. ಅಂಥ ರೂಢಿಯಿರುವ ಊರಿನಲ್ಲಿ ಕ್ಲರ್ಕಿಗೆ ಪತ್ರ ಬರೆದು ಸರದಿ ಕೇಳಬಹುದು. 2000ರ ಸೆಪ್ಟೆಂಬರಿನಲ್ಲಿ ಅಮೆರಿಕದ ಕೆಳಮನೆಯಲ್ಲಿ ಮೊದಲ ಹಿಂದೂ ಪ್ರಾರ್ಥನೆ ಕೇಳಿಬಂತು. 2007ರಲ್ಲಿ ಸೆನೆಟ್‌ನಲ್ಲಿ ಅಂಥದೇ ಪ್ರಾರ್ಥನೆ ನಡೆಯುವಾಗ ಗ್ಯಾಲರಿಯಿಂದ ಕೂಗಿ ಅಡ್ಡಿ ಮಾಡಿದರು. ಕಿಂಡಿ ತೆರೆದಿದ್ದರೆ ಯಾರಾದರೂ ಕೂಗುತ್ತಾರೆ. ನಮ್ಮ ಮಟ್ಟಿಗೆ ಹೇಳುವುದಾದರೆ, ಸಭೆ ಮೌನದಿಂದ ಶುರುವಾಗುವುದೇ ಚೆನ್ನ.

ಇತ್ತೀಚೆಗೆ ಗೋಡೆ ತೆಳ್ಳಗಾಗುತ್ತಿದೆ. 2022ರ ಕೆನಡಿ ತೀರ್ಪಿನಲ್ಲಿ ಪಬ್ಲಿಕ್ ಸ್ಕೂಲಿನ ಫುಟ್‌ಬಾಲ್ ಕೋಚ್ ಆಟ ಮುಗಿದ ಮೇಲೆ ಮೈದಾನದ ನಡುವೆ ಮಂಡಿಯೂರಿ ಪ್ರಾರ್ಥಿಸಿದ್ದನ್ನು ಅವರ ಸ್ವಂತ ಹಕ್ಕೆಂದು ಕೋರ್ಟ್ ಎತ್ತಿಹಿಡಿಯಿತು, ಸರ್ಕಾರ ಧರ್ಮದ ಗೆರೆ ದಾಟಿದೆಯೇ ಎಂದು ಅಳೆಯಲು 1971ರಿಂದ ಬಳಕೆಯಲ್ಲಿದ್ದ ಲೆಮನ್ ಪರೀಕ್ಷೆಯನ್ನು ಕೈಬಿಟ್ಟು ಇತಿಹಾಸ-ಪರಂಪರೆಯನ್ನು ಅಳತೆಗೋಲು ಮಾಡಿಕೊಂಡಿತು. ತರಗತಿಯ ಗೋಡೆಗೆ ಬೈಬಲ್ಲಿನ ಹತ್ತು ಆಜ್ಞೆಗಳನ್ನು ತೂಗುಹಾಕಬೇಕೆಂಬ ಕೆಂಟಕಿ ಕಾನೂನು 1980ರಲ್ಲೇ ಬಿದ್ದುಹೋಗಿತ್ತು. ಆದರೂ 2024ರಲ್ಲಿ ಲೂಯಿಸಿಯಾನ, 2025ರಲ್ಲಿ ಟೆಕ್ಸಾಸ್ ಅಂಥದೇ ಕಾನೂನು ಮಾಡಿವೆ, ಮೊಕದ್ದಮೆಗಳೂ ಹೂಡಲಾಗಿವೆ. "ಹಾಗಾದರೆ ಪಕ್ಕದಲ್ಲಿ ಭಗವದ್ಗೀತೆಯ ಶ್ಲೋಕವೂ ಇರಲಿ" ಎಂಬ ಮಾತು ನಮ್ಮಲ್ಲಿ ಕೇಳಿಬರುತ್ತದೆ. ಬೇಡ. ಪರಂಪರೆಯೇ ಅಳತೆಗೋಲಾದ ಕಡೆ 1965ರ ವಲಸೆ ಕಾನೂನಿನ ನಂತರ ಬಂದ ನಮ್ಮಂಥವರ ಶ್ಲೋಕಕ್ಕೆ ಜಾಗ ಸಿಗುವುದು ಸರ್ಕಾರದ ಮರ್ಜಿಯಿಂದ. ಮರ್ಜಿಯಿಂದ ಬಂದದ್ದು ಮುಂದಿನ ಚುನಾವಣೆಯಲ್ಲಿ ಹೋಗಬಹುದು.

ಈಗ ಹಾಲ್ ವಿಷಯ. ಶಾಲೆಯವರು ಸಂಜೆ, ವಾರಾಂತ್ಯದಲ್ಲಿ ಹೊರಗಿನ ಸಂಘಗಳಿಗೆ ಹಾಲ್ ಕೊಡುತ್ತಿದ್ದರೆ, ಧಾರ್ಮಿಕ ದೃಷ್ಟಿಯ ಕಾರ್ಯಕ್ರಮ ಎಂಬ ಒಂದೇ ಕಾರಣಕ್ಕೆ ಬಾಗಿಲು ಮುಚ್ಚುವಂತಿಲ್ಲ. 1993ರ ಲ್ಯಾಂಬ್ಸ್ ಚಾಪೆಲ್, 2001ರ ಗುಡ್ ನ್ಯೂಸ್ ಕ್ಲಬ್ ತೀರ್ಪುಗಳು ಇದನ್ನೇ ಹೇಳುತ್ತವೆ. ಆದರೆ ಪೂರ್ಣ ಪ್ರಮಾಣದ ಉಪಾಸನಾ ಸೇವೆಗೆ ಶಾಲೆ ಕೊಡದಿರುವ ನ್ಯೂಯಾರ್ಕ್ ನಗರದ ನಿಯಮವನ್ನು ಅಲ್ಲಿನ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿದದ್ದೂ ಉಂಟು. ಆದ್ದರಿಂದ ನಿಮ್ಮ ಡಿಸ್ಟ್ರಿಕ್ಟಿನ ಲಿಖಿತ ನೀತಿಯನ್ನು ಮೊದಲು ತರಿಸಿಕೊಂಡು ಓದಿ. ಅರ್ಜಿಯಲ್ಲಿ 'ಸಾಂಸ್ಕೃತಿಕ ಕಾರ್ಯಕ್ರಮ' ಎಂದಷ್ಟೇ ಬರೆದು ಒಳಗೆ ಪ್ರಾಣಪ್ರತಿಷ್ಠೆ ಮಾಡಬೇಡಿ. ಪೂಜೆ ಎಷ್ಟು ಹೊತ್ತು, ನಾಟಕ-ಸಂಗೀತ ಎಷ್ಟು ಹೊತ್ತು, ಊಟ ಎಲ್ಲಿ ಎಂದು ಇದ್ದದ್ದು ಇದ್ದ ಹಾಗೆ ಬರೆಯಿರಿ. ಸುಳ್ಳು ಬರೆದ ಅರ್ಜಿಯನ್ನು ರದ್ದು ಮಾಡಿದರೆ ಯಾವ ತೀರ್ಪೂ ಕಾಯುವುದಿಲ್ಲ. ಬಾಡಿಗೆ, ವಿಮೆ ಪತ್ರ, ಕಸ್ಟೋಡಿಯನ್ ಶುಲ್ಕ ಉಳಿದ ಸಂಘಗಳಿಗೆ ಎಷ್ಟೋ ನಮಗೂ ಅಷ್ಟೇ. ಹೆಚ್ಚು ಕೇಳಿದರೆ ದರಪಟ್ಟಿ ಕೇಳಿ, ಕಡಿಮೆ ಮಾಡಿ ಎಂದು ಧರ್ಮದ ಹೆಸರಿನಲ್ಲಿ ನೀವೂ ಕೇಳಬೇಡಿ. ವೇದಿಕೆಗೆ ಚುನಾವಣಾ ಅಭ್ಯರ್ಥಿಯನ್ನು ಕರೆಯುವುದಿದ್ದರೆ ಎದುರಾಳಿಗೂ ಅದೇ ಅವಕಾಶ ಕೊಡಿ, ಮತ ಹಾಕಿ ಎಂಬ ಮಾತು ಸಂಘದ ಮೈಕಿನಿಂದ ಬರಬಾರದು. ತೆರಿಗೆ ವಿನಾಯಿತಿ ಪಡೆದ ಸಂಸ್ಥೆಗಳ ಮೇಲೆ ಈ ಕಟ್ಟು ಬಂದದ್ದು 1954ರಲ್ಲಿ.

ಇನ್ನು ಮಂಗಳಾರತಿ. ಬೆಂಕಿಯ ನಿಯಮ ಚರ್ಚಿನ ಮೇಣದಬತ್ತಿಗೂ ನಮ್ಮ ಕರ್ಪೂರಕ್ಕೂ ಒಂದೇ ಆದಾಗ, ಸಂವಿಧಾನ ತೋರಿಸಿ ಅದರಿಂದ ತಪ್ಪಿಸಿಕೊಳ್ಳುವುದು ಕಷ್ಟ, 1990ರ ಸ್ಮಿತ್ ತೀರ್ಪು ಇದೇ ಹಾದಿಯದು. ತೆರೆದ ಜ್ವಾಲೆಗೆ ಅನುಮತಿ ಬೇಕೇ ಎಂದು ಫೈರ್ ಮಾರ್ಷಲ್ ಕಚೇರಿಗೆ ವಾರಗಳ ಮುಂಚೆಯೇ ಫೋನ್ ಮಾಡಿ. ಅನುಮತಿ ಸಿಕ್ಕರೂ ವೇದಿಕೆಯ ಪರದೆಯಿಂದ ದೂರದಲ್ಲಿ, ಹೊಗೆ ಗುರುತಿಸುವ ಯಂತ್ರದ ನೇರ ಕೆಳಗಲ್ಲದ ಜಾಗದಲ್ಲಿ ಮಣೆ ಹಾಕಿ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಒಬ್ಬರನ್ನು ನಿಲ್ಲಿಸಿ. ಸಿಗದಿದ್ದರೆ ಆರತಿಗೆ ಬ್ಯಾಟರಿ ದೀಪ ಸಾಕು, ಕರ್ಪೂರವನ್ನು ವಿಸರ್ಜನೆಯ ದಿನ ಯಾರದಾದರೂ ಮನೆಯ ಹಿತ್ತಲಲ್ಲಿ ಹಚ್ಚಬಹುದು.