ನೀಲಿ ಹೊಗೆ ಮತ್ತು ನಿಮ್ಮಪ್ಪನ ಕಾರು

ಚಿತ್ರದುರ್ಗ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದ.

ನಿನ್ನ ಕಾಗದ ನಿನ್ನೆ ಬಂತು. ಮನೆ ಸುದ್ದಿಯನ್ನೆಲ್ಲ ದೊಡ್ಡಮ್ಮ ಎರಡೆರಡು ಸಲ ಓದಿಸಿಕೊಂಡಳು. ನಾನು ಮಾತ್ರ ಒಂದೇ ಸಾಲಿನಲ್ಲಿ ನಿಂತುಬಿಟ್ಟೆ. "ಸ್ಟಾರ್ಟ್ ಮಾಡಿದ ತಕ್ಷಣ ನೀಲಿ ಹೊಗೆ ಬಂತು. ಅಪ್ಪನ ಕಾರನ್ನು ನಾನೇ ಹಾಳು ಮಾಡಿದೆನಾ ದೊಡ್ಡಪ್ಪ?" ಅಂತ ಬರೆದಿದ್ದೀಯಲ್ಲ, ಆ ಸಾಲು. ರಾತ್ರಿ ಎದ್ದು ಲೈಟು ಹಾಕಿಕೊಂಡು ಮತ್ತೆ ಓದಿದೆ.

ಇಲ್ಲ ಮಗಳೇ. ನೀನು ಏನೂ ಹಾಳು ಮಾಡಿಲ್ಲ.

ಬೋರಿಂಗ್ ಮಾಡಿಸಿ, ಅಂದರೆ ಇಂಜಿನ್ನಿನ ಸಿಲಿಂಡರಿನ ಒಳಗೋಡೆಯನ್ನು ಹೊಸದಾಗಿ ಕೊರೆಸಿ, ಹೊಸ ಪಿಸ್ಟನ್, ಅದರ ಸುತ್ತ ಹೊಸ ರಿಂಗ್ ಹಾಕಿದ ಮೇಲೆ ಅದು ಹೊಸ ಇಂಜಿನ್ ಇದ್ದ ಹಾಗೇ. ಜೋಡಿಸುವಾಗ ಒಳಗೆಲ್ಲ ಆಯಿಲ್ ಸವರಿರುತ್ತಾರೆ. ಮೊದಮೊದಲು ಅದು ಸುಡುತ್ತದೆ. ಆ ಒಳಗೋಡೆಯನ್ನು ಕಲ್ಲಿನಿಂದ ಉಜ್ಜಿ (ಹೋನಿಂಗ್ ಅನ್ನುತ್ತಾರೆ) ಸಣ್ಣ ಸಣ್ಣ ಅಡ್ಡಗೆರೆ ಬಿಟ್ಟಿರುತ್ತಾರೆ. ರಿಂಗು ಆ ಗೆರೆಗಳಿಗೆ ಉಜ್ಜಿ ಉಜ್ಜಿ ತನ್ನ ಜಾಗ ಮಾಡಿಕೊಳ್ಳಬೇಕು. ಅದಕ್ಕೇ ಇಂಜಿನ್ ಸೆಟ್ ಆಗಬೇಕು ಅನ್ನುವುದು. ಅಲ್ಲಿವರೆಗೆ ಚೂರು ಆಯಿಲ್ ಮೇಲಕ್ಕೆ ನುಸುಳುತ್ತದೆ. ನಿನ್ನ ಗಾಡಿ ಓಡಿರುವುದು ಬರೀ 300 ಕಿಲೋಮೀಟರ್. 1,000 ಆಗಲಿ, ಆಮೇಲೆ ಮಾತಾಡೋಣ.

ನನಗೆ ನಿಜವಾಗಿ ಹೆದರಿಕೆಯಾಗಿದ್ದು ಹೊಗೆಗಲ್ಲ. ಭಯಕ್ಕೆ ಕಾರು ಹೊರಗೇ ತೆಗೆಯುತ್ತಿಲ್ಲ, ದಿನಾ ಅಂಗಳದಲ್ಲೇ ಕಾಲು ಗಂಟೆ ಸ್ಟಾರ್ಟ್ ಮಾಡಿ ಬಿಡುತ್ತೇನೆ ಅಂದಿದ್ದೀಯಲ್ಲ, ಅದಕ್ಕೆ. ದಯವಿಟ್ಟು ಅದೊಂದು ನಿಲ್ಲಿಸು. ರಿಂಗನ್ನು ಗೋಡೆಗೆ ಒತ್ತುವುದು ಒಳಗೆ ಉರಿಯುವ ಗ್ಯಾಸಿನ ಒತ್ತಡ. ನಿಂತ ಗಾಡಿಯಲ್ಲಿ ಆ ಒತ್ತಡ ಸಾಲುವುದಿಲ್ಲ. ಗೆರೆಗಳ ಮೇಲೆ ಆಯಿಲ್ ಸುಟ್ಟು ಅಂಟಿಕೊಂಡು ಗೋಡೆ ಗಾಜಿನ ಹಾಗೆ ನುಣುಪಾಗುತ್ತದೆ. ಆಮೇಲೆ ರಿಂಗು ಕೂರುವುದೇ ಕಷ್ಟ. ಇಂಜಿನ್ ಓಡಿಯೇ ಸೆಟ್ ಆಗಬೇಕು ಪುಟ್ಟಿ.

ನಮ್ಮ ಹಳೇ ಬಾಡಿಗೆ ಗಾಡಿ ಮೆಟಡೋರಿನ ಕಥೆ ನಿನಗೆ ಗೊತ್ತು. ಗೊತ್ತಿಲ್ಲದ್ದು ಒಂದಿದೆ. ನಾನು ಯಾರಿಗೂ ಹೇಳಿಲ್ಲ.

1986ರಲ್ಲಿ ಅದರ ಬೋರಿಂಗ್ ಆದ ಮೂರನೇ ದಿನವೇ ಚಳ್ಳಕೆರೆಯಿಂದ ಶೇಂಗಾ ಲೋಡು ಸಿಕ್ಕಿತು. ಸಾವಿರ ಕಿಲೋಮೀಟರ್ ಆಗುವವರೆಗೆ ಭಾರ ಹಾಕಬೇಡ ಅಂತ ಮೇಸ್ತ್ರಿ ಕೈ ಮುಗಿದು ಹೇಳಿದ್ದ. ಬಾಡಿಗೆ ಬಿಡಲು ನನಗೆ ಮನಸ್ಸಾಗಲಿಲ್ಲ. ತುಂಬಿಸಿಕೊಂಡು ದಾವಣಗೆರೆಗೆ ಹೊಡೆದೆ. ಪಕ್ಕದಲ್ಲಿ ನಿಮ್ಮಪ್ಪ. ಭರಮಸಾಗರ ದಾಟುವಾಗ "ಅಣ್ಣ, ಎಣ್ಣೆ ಸುಟ್ಟ ವಾಸನೆ" ಅಂದ. ನಾನು ನಿಲ್ಲಿಸಲಿಲ್ಲ. ಅವತ್ತು ಶುರುವಾದ ನೀಲಿ ಹೊಗೆ ಆ ಗಾಡಿ ಮಾರುವ ದಿನದವರೆಗೂ ಹೋಗಲಿಲ್ಲ.

ನಿಮ್ಮ ತಾತ ಕೇಳಿದಾಗ "ಆಯಿಲ್ ನೋಡುವ ಕೆಲಸ ಇವನದು" ಅಂತ ನಿಮ್ಮಪ್ಪನ ಕಡೆ ಕೈ ತೋರಿಸಿಬಿಟ್ಟೆ. ಅವನು ತುಟಿ ಬಿಚ್ಚಲಿಲ್ಲ. ಎಷ್ಟೋ ವರ್ಷದ ಮೇಲೆ ಒಂದು ಮದುವೆ ಊಟದಲ್ಲಿ "ಆ ಗಾಡಿ ನನ್ನಿಂದಲೇ ಹಾಳಾಯಿತೇನೋ ಅಣ್ಣ" ಅಂದ. ಆಗಲೂ ನಾನು ಇಲ್ಲ ಅನ್ನಲಿಲ್ಲ. ಎಲೆ ನೋಡಿಕೊಂಡು ಉಂಡೆ. ಇನ್ನು ಹೇಳೋಣ ಅಂದರೆ ಅವನಿಲ್ಲ. ಈಗ ಅವನ ಮಗಳು ಅದೇ ಮಾತು ಬರೆದರೆ ನನಗೆ ನಿದ್ದೆ ಹೇಗೆ ಬರುತ್ತದೆ, ಹೇಳು.

ಎಮಿಷನ್ ಟೆಸ್ಟ್ ಬಗ್ಗೆ ಕೇಳಿದ್ದೀಯ. ನಿನ್ನ ಮೆಕ್ಯಾನಿಕ್ ಹೇಳಿಯೇ ಇರುತ್ತಾನೆ, ಆದರೂ ಬರೆಯುತ್ತೇನೆ. ಕಾರಿನ ಆರ್‌ಸಿಗೆ, ಅಂದರೆ ನೋಂದಣಿ ಪತ್ರಕ್ಕೆ, 15 ವರ್ಷ ತುಂಬಿ ಅದನ್ನು ನವೀಕರಿಸಲು ಇನ್ನೂ ಎರಡು ತಿಂಗಳಿದೆ. ಅವಸರ ಬೇಡ. 1,000 ಕಿಲೋಮೀಟರ್ ಓಡಿಸು, ಆ ಆಯಿಲ್ ತೆಗೆಸಿ ಹೊಸದು ಹಾಕಿಸು, ಫಿಲ್ಟರ್ ಕೂಡ. ಸವೆದ ಲೋಹದ ಪುಡಿಯೆಲ್ಲ ಅದರ ಜೊತೆ ಹೋಗುತ್ತದೆ. ಆಮೇಲೆ ಟೆಸ್ಟಿಗೆ ಹೋಗು. ನಿಮ್ಮದು ಬಿಎಸ್ 3, ಅಂದರೆ ಭಾರತ್ ಸ್ಟೇಜ್ ಹೊಗೆ ನಿಯಮದ ಮೂರನೇ ಹಂತದ ಪೆಟ್ರೋಲ್ ಕಾರು. ಕಾರ್ಬನ್ ಮೊನಾಕ್ಸೈಡ್ ಶೇಕಡಾ 0.5, ಹೈಡ್ರೋಕಾರ್ಬನ್ (ಪೂರ್ತಿ ಉರಿಯದೆ ಹೊರಬರುವ ಪೆಟ್ರೋಲ್, ಎಣ್ಣೆಯ ಅಂಶ) 750 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ 750 ಭಾಗ, ದಾಟಬಾರದು, ಅಷ್ಟೇ. ಬಿಎಸ್ 4 ಗಾಡಿಗಳಿಗೆ 0.3 ಮತ್ತು 200, ಅವರಿಗೆ ಬಿಗಿ ಜಾಸ್ತಿ. ರಿಂಗು ಕೂರದೆ ಆಯಿಲ್ ಸುಡುತ್ತಿದ್ದರೆ ಆ ಹೈಡ್ರೋಕಾರ್ಬನ್ನೇ ಏರುವುದು. ಅದಕ್ಕೇ ಮೊದಲು ಓಡಿಸು ಅನ್ನುತ್ತಿದ್ದೇನೆ.

ತಣ್ಣಗಿನ ಗಾಡಿ ತೆಗೆದುಕೊಂಡು ಹೋಗಬೇಡ. ಸೈಲೆನ್ಸರ್ ದಾರಿಯಲ್ಲಿ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಚೆನ್ನಾಗಿ ಕಾದ ಮೇಲೇ ಕೆಲಸ ಮಾಡುವುದು. ನಿಮ್ಮ ದಾವಣಗೆರೆಯ ಹದಡಿ ರಸ್ತೆ ಕಡೆ ಇಪ್ಪತ್ತು ನಿಮಿಷ ಸುತ್ತಾಡಿ ನೇರ ಅಲ್ಲಿಗೇ ಹೋಗು. ಸರದಿಯಲ್ಲಿ ನಿಂತಾಗ ಆಫ್ ಮಾಡಬೇಡ. ಆ ಐದು ನಿಮಿಷಕ್ಕೆ ಏನೂ ಆಗುವುದಿಲ್ಲ.

ಮತ್ತೆ ಹೊಗೆಗೇ ಬರುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಸ್ಟಾರ್ಟ್ ಮಾಡಿದಾಗ ಒಂದು ಸಲ ಬಂದು ನಿಂತರೆ ಹೆಚ್ಚಾಗಿ ವಾಲ್ವ್ ಸೀಲಿನ (ವಾಲ್ವಿನ ಪಕ್ಕ ಆಯಿಲ್ ಒಳಗೆ ಸೋರದಂತೆ ತಡೆಯುವ ರಬ್ಬರು) ಕಡೆಯದು, ಸಣ್ಣ ಕೆಲಸ. ಓಡುವಾಗಲೂ ಎಡೆಬಿಡದೆ ಬಂದರೆ ಮಾತ್ರ ರಿಂಗಿನ ಯೋಚನೆ. ಬೆಳಗಿನ ಚಳಿಯಲ್ಲಿ ಬಿಳಿಯಾಗಿ ಬಂದು ಕರಗಿಹೋಗುವುದು ಬರೀ ನೀರಾವಿ. ವಾರಕ್ಕೊಮ್ಮೆ ಡಿಪ್‌ಸ್ಟಿಕ್, ಆಯಿಲ್ ಮಟ್ಟ ತೋರಿಸುವ ಕಡ್ಡಿ, ಎಳೆದು ನೋಡಿ ಒಂದು ಹಾಳೆಯಲ್ಲಿ ಬರೆದಿಡು. ನಾನು ಆ ಮೆಟಡೋರಿಗೆ ಒಂದು ದಿನವೂ ಹಾಗೆ ಬರೆದಿಡಲಿಲ್ಲ.

ಈ ಭಾನುವಾರ ಬಿಸಿಲೇರುವ ಮೊದಲು ಹೊರಟು ಇಲ್ಲಿಗೆ ಬಾ. ಅರವತ್ತು ಕಿಲೋಮೀಟರ್ ದಾರಿ ಅಷ್ಟೇ. ಒಂದೇ ವೇಗದಲ್ಲಿ ಬರಬೇಡ. 50ಕ್ಕೆ ಬಾ, 70ಕ್ಕೆ ಏರಿಸು, ಮತ್ತೆ ಇಳಿಸು. ಏರಿನಲ್ಲಿ ಟಾಪ್ ಗೇರಿನಲ್ಲಿ ತಿಣುಕಿಸಬೇಡ, ಒಂದು ಗೇರು ಇಳಿಸಿ ಕಾಲು ಒತ್ತು. ಎಕ್ಸಲೇಟರನ್ನು ಪೂರ್ತಿ ಮಾತ್ರ ಒತ್ತಬೇಡ. ಆನಗೋಡು, ಭರಮಸಾಗರ ಕಳೆದು ಗುಡ್ಡದ ಮೇಲೆ ಗಾಳಿ ಫ್ಯಾನುಗಳು ಕಂಡವು ಅಂದರೆ ದುರ್ಗ ಬಂತು.

ನಾನು ಗೇಟಿನ ಹತ್ತಿರವೇ ಇರುತ್ತೇನೆ. ಬಂದ ಕೂಡಲೇ ಆಫ್ ಮಾಡಬೇಡ. ಸೈಲೆನ್ಸರಿಗೆ ಒಂದು ಬಿಳಿ ಬಟ್ಟೆ ಹಿಡಿದು ಎಣ್ಣೆ ಕಲೆ ಬೀಳುತ್ತದಾ ಅಂತ ನಾನೇ ನೋಡುತ್ತೇನೆ.

ನಿನ್ನ ದೊಡ್ಡಪ್ಪ