ಕಿವಿ ಪರೀಕ್ಷೆ ಮಾಡಿದ ಮೇಡಂಗೆ ಥ್ಯಾಂಕ್ಸ್

ಮೇಡಂ, ನಿಮ್ಮ ಹೆಸರು ಗೊತ್ತಿಲ್ಲ. ನನ್ನ ಆಡಿಯೋಗ್ರಾಂ (ಕಿವಿ ಎಷ್ಟು ಕೇಳುತ್ತೆ ಅಂತ ತೋರಿಸೋ ರಿಪೋರ್ಟು) ನಾರ್ಮಲ್ ಬಂದಿತ್ತು. ಆದರೆ ಎಡಗಿವಿಯಲ್ಲಿ ಗುಂಯ್ ಅನ್ನೋ ಸದ್ದು ನಿಂತಿರಲಿಲ್ಲ. "ಏನೂ ತೊಂದರೆ ಇಲ್ಲ" ಅಂತ ಸುಮ್ನೆ ಕಳಿಸಿಬಿಡಬಹುದಿತ್ತು. ನೀವು, "ಒಂದ್ಸಲ ಹಲ್ಲು ಬಿಗಿಯಾಗಿ ಕಚ್ಚಿ. ಈಗ ಸದ್ದು ಹೇಗಿದೆ?" ಅಂದಿರಿ. ಜೋರಾಯಿತು! ಕತ್ತು ಬಲಕ್ಕೆ ತಿರುಗಿಸಿದರೆ ಸಣ್ಣಗಾಯಿತು.

ದವಡೆ ಮತ್ತು ಕತ್ತಿನ ನರಗಳ ಎಳೆಗಳು ಮಿದುಳಿನ ಬುಡದಲ್ಲಿ ಕೇಳುವ ನರದ ದಾರಿಯನ್ನೇ ಸೇರುತ್ತವೆ ಅಂತ ರಿಪೋರ್ಟಿನ ಹಿಂದೆ ಗೀಚಿ ತೋರಿಸಿದಿರಿ. ದವಡೆಯ ಕೀಲು ಕಿವಿಯ ಮುಂದೆಯೇ ಇರುತ್ತೆ ಅಂತ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅಲ್ಲಿ ಬೆರಳಿಟ್ಟು ಬಾಯಿ ತೆರೆದರೆ ಟಕ್ ಅಂತಿತ್ತು.

ಹಲ್ಲಿನ ಡಾಕ್ಟರು, ಫಿಸಿಯೋಥೆರಪಿ ಎರಡೂ ಆಯಿತು. ರಾತ್ರಿ ಹಲ್ಲು ಕಡಿಯುತ್ತೇನಂತೆ. (ಮನೆಯವರಿಗೆಲ್ಲ ಗೊತ್ತಿತ್ತು, ನನಗೆ ಮಾತ್ರ ಯಾರೂ ಹೇಳಿರಲಿಲ್ಲ!) ಈಗ ಹಲ್ಲಿಗೆ ನೈಟ್ ಗಾರ್ಡ್ ಅನ್ನೋ ಕವಚ ಹಾಕಿಕೊಂಡು ಮಲಗುತ್ತೇನೆ. ಟಿನಿಟಸ್, ಅಂದರೆ ಆ ಗುಂಯ್ ಸದ್ದು, ಪೂರ್ತಿ ಹೋಗಿಲ್ಲ. ಲ್ಯಾಪ್‌ಟಾಪ್ ಮುಂದೆ ಕತ್ತು ಚಾಚಿ ಕೂತ ದಿನ ಜಾಸ್ತಿಯೇ ಇರುತ್ತೆ. ಆದರೆ ಫ್ಯಾನ್ ಸದ್ದಿನಲ್ಲಿ ಮುಚ್ಚಿಹೋಗುವಷ್ಟಕ್ಕೆ ಇಳಿದಿದೆ, ನಿದ್ದೆ ಬರುತ್ತಿದೆ.

ಹೊರಗೆ ಅಷ್ಟು ಜನ ಕಾಯುತ್ತಿದ್ದರೂ ನನಗೆ ಕೂರಿಸಿ ಹೇಳಿದಿರಲ್ಲ, ತುಂಬಾ ಥ್ಯಾಂಕ್ಸ್ ಮೇಡಂ.